ಮಾರುತಿ 800ಕ್ಕೆ ಮನೆಯಲ್ಲೇ ಮಾಡಿದ ಎಲ್‌ಇಡಿ ದೀಪ

ನಮ್ಮ ಮಾರುತಿ 800 ಕಾರಿನ ಒಳಗೆ ಕಂಪನಿಯಿಂದ ಬಂದ ದೀಪ ಒಂದೇ, ಛಾವಣಿಯದು. ಅದು ಹತ್ತಿಕೊಂಡರೆ ಸೀಟಿನ ಮೇಲೆ ಏನಿದೆ ಅಂತ ಕಾಣುತ್ತದೆ, ಕಾಲಿಡುವ ಜಾಗ ನೆರಳಲ್ಲೇ ಉಳಿಯುತ್ತದೆ. ಡಿಕ್ಕಿಯಲ್ಲಂತೂ ದೀಪವೇ ಇರಲಿಲ್ಲ. ಮಲೆನಾಡಿನ ಸಾಗರ ಪೇಟೆಯ ಕಡೆಯ ಮಳೆಗಾಲ ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಸಂಜೆಯಾಗುವ ಮೊದಲೇ ಕತ್ತಲು ಕವಿದಿರುತ್ತದೆ, ಕರೆಂಟು ಹೋಗಿರುತ್ತದೆ, ಅಂಗಳದ ತುಂಬ ಪಾಚಿ. ಎಪ್ಪತ್ತು ದಾಟಿದ ಅಪ್ಪಯ್ಯ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದು, ಕಾಲು ಎಲ್ಲಿ ಊರಲಿ ಎಂದು ತಡವರಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ನಾಲ್ಕೂ ಬಾಗಿಲ ಬುಡದಲ್ಲಿ, ಡಿಕ್ಕಿಯಲ್ಲಿ ಬೆಳಕು ಬೇಕು. ಬಾಗಿಲು ತೆಗೆದ ಕೂಡಲೇ ತಾನೇ ಹತ್ತಬೇಕು, ಕಣ್ಣಿಗೆ ಹೊಡೆಯಬಾರದು, ಬ್ಯಾಟರಿ ತಿನ್ನಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ವರ್ಷ ಕಳೆದರೂ ಎಲ್ಲೂ ಶಾರ್ಟ್ ಆಗಬಾರದು.

ಅಂಗಡಿಯಲ್ಲಿ ಸಿಗುವ ಅಂಟಿಸುವ ಪಟ್ಟಿ ತಂದು ಹಚ್ಚಿದರೆ ಆಯಿತಲ್ಲ ಎಂದು ಎಲ್ಲರೂ ಹೇಳಿದರು. ಆ ಪಟ್ಟಿಗಳನ್ನು ನಾನು ಬೇರೆಯವರ ಕಾರುಗಳಲ್ಲಿ ಹತ್ತಿರದಿಂದ ನೋಡಿದ್ದೇನೆ. ಬಿಸಿಲಿಗೆ ನಿಂತ ಕಾರಿನಲ್ಲಿ ಅಂಟು ಬಿಡುತ್ತದೆ. ಪಟ್ಟಿ ಪೆಡಲುಗಳ ಮೇಲೆ ಜೋತು ಬೀಳುತ್ತದೆ. ಇದು ಸಣ್ಣ ವಿಷಯವಲ್ಲ, ಬ್ರೇಕ್ ಪೆಡಲಿನ ಹತ್ತಿರ ಯಾವ ತಂತಿಯೂ ಸಡಿಲವಾಗಿ ಇರಲೇಬಾರದು. ಇನ್ನು ಪಟ್ಟಿಯ ಮೇಲೆ ಬರೆದ '12 ವೋಲ್ಟ್' ಅನ್ನುವುದು ಬಹಳ ಸಲ ಅಕ್ಷರಶಃ 12 ವೋಲ್ಟೇ. ಮನೆಯ ಅಡಾಪ್ಟರಿಗೆ ಹೊಂದುವಂತೆ ಅದರ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಭಾಗ, ಇಟ್ಟಿರುತ್ತಾರೆ. ಕಾರಿನಲ್ಲಿ ಹನ್ನೆರಡು ವೋಲ್ಟ್ ಅನ್ನುವುದು ಬರೀ ಹೆಸರು.

ಅದನ್ನು ಕಣ್ಣಾರೆ ನೋಡಬೇಕೆಂದು ಮೊದಲು ಮೀಟರ್ ಹಿಡಿದೆ. ರಾತ್ರಿಯಿಡೀ ನಿಂತಿದ್ದ ಕಾರಿನ ಬ್ಯಾಟರಿಯಲ್ಲಿ 12.5 ವೋಲ್ಟ್ ಇತ್ತು. ತಮ್ಮನಿಗೆ ಕೀ ತಿರುಗಿಸಲು ಹೇಳಿ ಮೀಟರಿನ ಮೇಲೇ ಕಣ್ಣಿಟ್ಟೆ. ಸ್ಟಾರ್ಟರ್ ತಿರುಗುವ ಆ ಕ್ಷಣದಲ್ಲಿ ಅಂಕಿ ಹತ್ತರ ಆಸುಪಾಸಿಗೆ ಬಿತ್ತು. ಇಂಜಿನ್ ಹಿಡಿದು ಆಲ್ಟರ್ನೇಟರ್ ಚಾರ್ಜ್ ಮಾಡಲು ಶುರುಮಾಡಿದ ಮೇಲೆ 14.2ಕ್ಕೆ ಏರಿ ನಿಂತಿತು. ಮೀಟರಿನ ಕಣ್ಣಿಗೆ ಬೀಳದ ಏರಿಳಿತ ಬೇರೆ ಇದೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿ ತಪ್ಪಿತೆಂದರೆ ಆಲ್ಟರ್ನೇಟರಿನಿಂದ ಹತ್ತಾರು ವೋಲ್ಟುಗಳ ಹೊಡೆತ ಬರುತ್ತದೆ, ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಮಾತ್ರ. ತಂತಿಸುರುಳಿಯ ಬಲ್ಬಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ಎಲ್‌ಇಡಿಗೆ ಇದೆ.

ಬಿಳಿ ಎಲ್‌ಇಡಿ ನಿಜದಲ್ಲಿ ನೀಲಿ ಎಲ್‌ಇಡಿ. ನೀಲಿ ಚಿಪ್‌ನ ಮೇಲೆ ಹಳದಿ ಫಾಸ್ಫರ್ ಪುಡಿ ಬಳಿದಿರುತ್ತಾರೆ, ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಬಿಳಿಗಾಗಿ ಅಷ್ಟು ಕಾಯಬೇಕಾಗಿದ್ದು ಪ್ರಕಾಶಮಾನವಾದ ನೀಲಿ ಸಿಗದೆ ಇದ್ದುದರಿಂದ. ಜಪಾನಿನ ಶೂಜಿ ನಾಕಾಮುರಾ ಅದನ್ನು 1993ರಲ್ಲಿ ಮಾಡಿ ತೋರಿಸಿದರು. ಅಕಾಸಾಕಿ ಮತ್ತು ಅಮಾನೋ ಅವರ ಜೊತೆ 2014ರ ಭೌತಶಾಸ್ತ್ರದ ನೊಬೆಲ್ ಪಡೆದರು. ನನ್ನ ಲೆಕ್ಕಕ್ಕೆ ಬೇಕಾದದ್ದು ಇದರ ಒಂದು ಪರಿಣಾಮ: ಕೆಂಪಿಗೆ ಎರಡು ವೋಲ್ಟ್ ಸಾಕು, ಬಿಳಿಗೆ ಮೂರಕ್ಕಿಂತ ತುಸು ಹೆಚ್ಚು ಬೇಕು. ಅದಕ್ಕಿಂತ ಕಡಿಮೆಯಾದರೆ ಹತ್ತುವುದಿಲ್ಲ, ಸ್ವಲ್ಪ ಹೆಚ್ಚಾದರೆ ಕರೆಂಟು ಮಿತಿಮೀರುತ್ತದೆ. ಗದ್ದೆಯ ನೀರು ಹಾಗೆಯೇ: ಬದುವಿನ ಮಟ್ಟ ಮುಟ್ಟುವವರೆಗೆ ಒಂದು ಹನಿಯೂ ಆಚೆ ಹೋಗುವುದಿಲ್ಲ, ಮುಟ್ಟಿದ ಮೇಲೆ ಬದುವನ್ನೇ ಕೊಚ್ಚಿಕೊಂಡು ಹೋಗುತ್ತದೆ. ಆ ಹರಿವನ್ನು ಹಿಡಿದಿಡುವುದು ರೆಸಿಸ್ಟರಿನ ಕೆಲಸ.

ಎಷ್ಟು ಎಲ್‌ಇಡಿಗಳನ್ನು ಒಂದು ಸರದಲ್ಲಿ ಪೋಣಿಸಬೇಕು? ನಾಲ್ಕು ಇಟ್ಟರೆ ಹನ್ನೆರಡೂವರೆ ವೋಲ್ಟ್ ಅಲ್ಲೇ ಖರ್ಚು. ಇಂಜಿನ್ ಬಂದ್ ಇರುವಾಗ, ಅಂದರೆ ಅಪ್ಪಯ್ಯ ಕಾರು ಹತ್ತುವ ಹೊತ್ತಿಗೇ, ದೀಪ ಮಿಣುಕು ಮಿಣುಕು. ಮೂರು ಇಟ್ಟರೆ 9.3 ವೋಲ್ಟ್. ಉಳಿದದ್ದು ರೆಸಿಸ್ಟರಿನ ಪಾಲು. ಉಲ್ಟಾ ಕೊಟ್ಟರೂ ಸುಡದಿರಲಿ ಎಂದು ಲೈನಿನಲ್ಲಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಹಾಕುವವನಿದ್ದೆ, ಅದು 0.7 ವೋಲ್ಟ್ ತಿನ್ನುತ್ತದೆ. ಹಾಗಾಗಿ ಇಂಜಿನ್ ಓಡುವಾಗ 14.2ರಲ್ಲಿ 0.7 ಮತ್ತು 9.3 ಕಳೆದರೆ 4.2 ವೋಲ್ಟ್ ಉಳಿಯಿತು. 220 ಓಮ್ ಹಾಕಿದರೆ 19 ಮಿಲಿಯಾಂಪ್. 270 ಓಮ್ ಹಾಕಿದರೆ 15.6.

ಐದು ಮಿಲಿಮೀಟರಿನ ಸಾಮಾನ್ಯ ಎಲ್‌ಇಡಿಗೆ 20 ಮಿಲಿಯಾಂಪ್ ಕೊಡಬಹುದು ಎಂದು ಅದರ ಮಾಹಿತಿಪತ್ರ ಹೇಳುತ್ತದೆ. ಆದರೆ ಅದು 25 ಡಿಗ್ರಿ ಸೆಲ್ಸಿಯಸ್‌ನ ಮಾತು. ಏಪ್ರಿಲ್ ತಿಂಗಳಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ 25 ಡಿಗ್ರಿ ಎಲ್ಲಿಂದ ಬರಬೇಕು? ಬಿಸಿಯಾದಷ್ಟೂ ಕರೆಂಟು ಇಳಿಸಬೇಕು, ಇಲ್ಲದಿದ್ದರೆ ಫಾಸ್ಫರ್ ಬೇಗ ಮಂಕಾಗುತ್ತದೆ. 15ಕ್ಕೂ 20ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಹೆಚ್ಚೇನೂ ಗೊತ್ತಾಗುವುದಿಲ್ಲ. 270 ಓಮನ್ನೇ ಆರಿಸಿದೆ. ಕೆಂಪು, ನೇರಳೆ, ಕಂದು ಪಟ್ಟಿಯ ರೆಸಿಸ್ಟರ್. ಇಂಜಿನ್ ಬಂದ್ ಇದ್ದಾಗ ಅದೇ ಸರ ಹತ್ತು ಮಿಲಿಯಾಂಪಿನಷ್ಟು ಎಳೆಯುತ್ತದೆ. ಕಾಲ ಬುಡಕ್ಕೆ ಅಷ್ಟು ಧಾರಾಳ.

7812 ರೆಗ್ಯುಲೇಟರ್ ಹಾಕು, ವೋಲ್ಟೇಜ್ ಸ್ಥಿರವಾಗುತ್ತದೆ ಎಂದು ಗೆಳೆಯನೊಬ್ಬ ಸಲಹೆ ಕೊಟ್ಟ. 7812 ಸರಿಯಾಗಿ 12 ಕೊಡಬೇಕಾದರೆ ಅದರ ಬಾಯಿಗೆ 14ರಷ್ಟು ಬೀಳಬೇಕು. ಇಂಜಿನ್ ನಿಂತಿದ್ದಾಗ ಕಾರಿನಲ್ಲಿ ಅಷ್ಟಿಲ್ಲ. ಎಲ್‌ಎಂ317 ಎಂಬ ಇನ್ನೊಂದು ರೆಗ್ಯುಲೇಟರ್ ಇಟ್ಟು ಕರೆಂಟನ್ನೇ ಕಟ್ಟಿಹಾಕುವ ದಾರಿಯೂ ಇದೆ. ಒಂದು ವ್ಯಾಟಿನ ದೊಡ್ಡ ಎಲ್‌ಇಡಿಗಳಾದರೆ ನಾನೂ ಆ ಥರದ್ದನ್ನೇ ಯೋಚಿಸುತ್ತಿದ್ದೆ. ಸಣ್ಣ ಎಲ್‌ಇಡಿಗಳ ಸರಕ್ಕೆ ಒಂದೊಂದು ರೆಸಿಸ್ಟರ್ ಸಾಕು. ಭಾಗಗಳು ಕಡಿಮೆಯಾದಷ್ಟೂ ಕೆಡುವುದು ಕಡಿಮೆ. ಒಂದು ಸರ ಹೋದರೆ ಉಳಿದ ಸರಗಳು ಉರಿಯುತ್ತಲೇ ಇರುತ್ತವೆ.

ಸಾಮಾನಿಗೆ ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿಗೆ ಹೋದೆ. ಟೌನ್ ಹಾಲ್ ಹತ್ತಿರ ಇಳಿದು ನಡೆದರೆ ಆ ಗಲ್ಲಿಗಳು ಶುರುವಾಗುತ್ತವೆ. ಎಲೆಕ್ಟ್ರಾನಿಕ್ಸ್ ಹುಚ್ಚಿರುವ ಯಾರಿಗಾದರೂ ಆ ಜಾಗ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಬಾಗಿಲಷ್ಟೇ ಅಗಲದ ಅಂಗಡಿಯ ಗೋಡೆ ತುಂಬ ಪುಟ್ಟ ಡ್ರಾಯರುಗಳು, ಪ್ರತಿಯೊಂದರ ಮೇಲೆ ಪೆನ್ನಿನಲ್ಲಿ ಬರೆದ ಓಮ್ ಲೆಕ್ಕ. '270, ಕಾಲು ವ್ಯಾಟ್' ಅಂದರೆ ಅಂಗಡಿಯವರು ತಿರುಗಿ ನೋಡದೆಯೇ ಕೈ ಹಾಕಿ ಕೊಡುತ್ತಾರೆ. ಎಲ್‌ಇಡಿ ಕೇಳುವಾಗ ಒಂದು ವಿಷಯ ಒತ್ತಿ ಹೇಳಬೇಕಾಯಿತು. ಗುಂಡು ತಲೆಯ ಮಾಮೂಲಿ ಎಲ್‌ಇಡಿ ಟಾರ್ಚಿನಂತೆ ನೆಟ್ಟಗೆ ಒಂದೇ ಕಡೆ ಬೆಳಕು ಬಿಡುತ್ತದೆ. ನೆಲದ ಮೇಲೆ ನಾಣ್ಯದಗಲದ ಚುಕ್ಕೆ ಬೀಳುತ್ತದೆ ಅಷ್ಟೆ. ನನಗೆ ಬೇಕಾಗಿದ್ದು 'ಸ್ಟ್ರಾ ಹ್ಯಾಟ್' ಅನ್ನುವ, ಚಪ್ಪಟೆ ತಲೆಯ, ಅಗಲಕ್ಕೆ ಬೆಳಕು ಹರಡುವ ಜಾತಿ. ಅದೂ ವಾರ್ಮ್ ವೈಟ್. ಕತ್ತಲಲ್ಲಿ ಹೊಂದಿಕೊಂಡ ಕಣ್ಣಿಗೆ ನೀಲಿ ಛಾಯೆಯ ಬಿಳಿ ಚುಚ್ಚುತ್ತದೆ, ಮಳೆಯ ರಾತ್ರಿಯಲ್ಲಿ ಇನ್ನೂ ಹೆಚ್ಚು.

ವೋಲ್ಟಿನ ಹೊಡೆತ ತಡೆಯಲು ಪಿ6ಕೆಇ18ಎ ಅನ್ನುವ ಟಿವಿಎಸ್ ಡಯೋಡ್ ತಗೊಂಡೆ. ಹದಿನೈದು ವೋಲ್ಟಿನವರೆಗೆ ಅದು ಸುಮ್ಮನಿರುತ್ತದೆ. ಹದಿನೆಂಟರ ಹತ್ತಿರ ಬಂದರೆ ತಾನೇ ದಾರಿ ಬಿಟ್ಟುಕೊಟ್ಟು ಹೊಡೆತವನ್ನು ಅರ್ತಿಗೆ, ಅಂದರೆ ಕಾರಿನ ಮೈಗೆ, ಇಳಿಸುತ್ತದೆ. ಫ್ಯೂಸ್ ಹೋಲ್ಡರ್, ಬಾಗಿಲಿನ ಪಿನ್ ಸ್ವಿಚ್, ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ ಗ್ರೊಮೆಟ್, ಸುತ್ತುಸುತ್ತಿನ ಕಪ್ಪು ಫ್ಲೆಕ್ಸಿಬಲ್ ಪೈಪ್, ಅರ್ಧ ಚದರ ಮಿಲಿಮೀಟರಿನ ಆಟೋ ವೈರ್ ಇವೆಲ್ಲ ಪಕ್ಕದ ಜೆಸಿ ರೋಡಿನಲ್ಲಿ ಸಿಕ್ಕಿದವು. ಮನೆಯ ವೈರಿಂಗಿನ ತಂತಿ ಉಳಿದಿದ್ದರೂ ಅದನ್ನು ಮುಟ್ಟಲಿಲ್ಲ. ಒಂದೇ ಕಡ್ಡಿಯ ತಾಮ್ರ ಕಾರಿನ ಅದುರಾಟಕ್ಕೆ ಎಲ್ಲಾದರೂ ತುಂಡಾಗುತ್ತದೆ. ಕಾರಿಗೆ ಸಣ್ಣ ಎಳೆಗಳ, ಬಿಸಿ ತಡೆಯುವ ಹೊದಿಕೆಯ ತಂತಿಯೇ ಆಗಬೇಕು.

ಬೋರ್ಡುಗಳನ್ನು ಊಟದ ಮೇಜಿನ ಮೇಲೆ ಕೂತು ಮಾಡಿದೆ. ಸಾಲುಸಾಲು ತೂತು, ತಾಮ್ರದ ಬಿಲ್ಲೆಗಳಿರುವ ಡಾಟ್ ಬೋರ್ಡನ್ನು ಹೆಬ್ಬೆರಳಿನಗಲಕ್ಕೆ ಕತ್ತರಿಸಿ, ಅದರ ಮೇಲೆ ಆರು ಎಲ್‌ಇಡಿ, ಎರಡು ರೆಸಿಸ್ಟರ್. ಅಂದರೆ ಮೂರರ ಎರಡು ಸರ. ಇಂಥವು ನಾಲ್ಕು ಬಾಗಿಲಿಗೆ ನಾಲ್ಕು. ಡಿಕ್ಕಿಗೆ ಇದರ ದುಪ್ಪಟ್ಟು ಉದ್ದದ್ದು ಒಂದು. ಎಲ್‌ಇಡಿಯ ಉದ್ದ ಕಾಲು ಪ್ಲಸ್, ತಲೆಯ ಅಂಚು ಚಪ್ಪಟೆ ಇರುವ ಬದಿ ಮೈನಸ್. ಒಂದರ ಮೈನಸ್ ಮುಂದಿನದರ ಪ್ಲಸ್ಸಿಗೆ. 25 ವ್ಯಾಟಿನ ಐರನ್ ಬಿಸಿಯಾದ ಮೇಲೆ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿ, ಮೊದಲು ಕಾಲಿಗೂ ತಾಮ್ರದ ಬಿಲ್ಲೆಗೂ ಒಟ್ಟಿಗೆ ತಾಗಿಸಿ ಹಿಡಿಯಬೇಕು. ಅವು ಬಿಸಿಯಾದ ಮೇಲೆ ಸೀಸದ ತಂತಿಯನ್ನು ಕಾಲಿಗೆ ಮುಟ್ಟಿಸಿದರೆ ಅದು ತಾನಾಗಿ ಕರಗಿ ಸುತ್ತಲೂ ಹರಿದು, ಬುಡ ಅಗಲವಾಗಿ ತುದಿ ಚೂಪಾಗಿ ಹೊಳೆಯುತ್ತ ನಿಲ್ಲುತ್ತದೆ. ಸೀಸವನ್ನು ಐರನ್ನಿಗೆ ತಾಗಿಸಿ ಮೇಲಿಂದ ಹನಿಸಿದರೆ ಗೋಲಿಯ ಹಾಗೆ ಕೂರುತ್ತದೆ. ಹಿಡಿದ ಹಾಗೆ ಕಾಣುತ್ತದೆ, ಹಿಡಿದಿರುವುದಿಲ್ಲ. ಎಲ್‌ಇಡಿಯ ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ಕೊಡಬಾರದು. ರೋಸಿನ್ ಹೊಗೆಯ ಆ ವಾಸನೆ ನನಗೆ ಬಹಳ ಇಷ್ಟ. ಆದರೂ ಕಿಟಕಿ ತೆರೆದು, ಫ್ಯಾನಿನ ಗಾಳಿ ಮೇಜಿನಿಂದಾಚೆ ಹೋಗುವಂತೆ ಇಟ್ಟುಕೊಂಡೇ ಕೂರುತ್ತೇನೆ.

ಪರೀಕ್ಷೆಗೆ ಮನೆಯ ಇನ್ವರ್ಟರ್ ಬ್ಯಾಟರಿ ಒದಗಿ ಬಂತು. ಚಾರ್ಜ್ ಆಗುತ್ತಿರುವಾಗ ಅದರ ಟರ್ಮಿನಲ್ಲಿನಲ್ಲಿ ಹದಿನಾಲ್ಕರ ಹತ್ತಿರ ವೋಲ್ಟ್ ಇರುತ್ತದೆ, ಕಾರಿನ ಇಂಜಿನ್ ಓಡುತ್ತಿರುವ ಸ್ಥಿತಿಯೇ. ಕರೆಂಟು ಹೋದಾಗ ಹನ್ನೆರಡೂವರೆಗೆ ಇಳಿಯುತ್ತದೆ. ನಮ್ಮೂರಲ್ಲಿ ಅದಕ್ಕೆ ಹೆಚ್ಚು ಕಾಯಬೇಕಿಲ್ಲ. ಫ್ಯೂಸ್ ಮೂಲಕ ಒಂದೊಂದೇ ಬೋರ್ಡು ಹಚ್ಚಿ, ಸಾಲಿನಲ್ಲಿ ಮೀಟರ್ ಹಾಕಿ ನೋಡಿದೆ. ಮೇಲಿನ ಮಟ್ಟದಲ್ಲಿ ಒಂದೊಂದು ಬೋರ್ಡು 30 ಮಿಲಿಯಾಂಪ್ ಆಸುಪಾಸು. ಕಾಗದದ ಲೆಕ್ಕವೂ ಮೀಟರಿನ ಅಂಕಿಯೂ ಕೂಡಿಬಂದಾಗ ಆಗುವ ಸಂತೋಷವೇ ಬೇರೆ. ಸಂಜೆಯಿಂದ ಮಲಗುವವರೆಗೂ ಉರಿಯಲು ಬಿಟ್ಟು ರೆಸಿಸ್ಟರ್ ಮುಟ್ಟಿ ನೋಡಿದೆ. ಬೆಚ್ಚಗಿತ್ತು ಅಷ್ಟೇ.

ಬೋರ್ಡಿನ ಹಿಂಬದಿಗೆ ವಾರ್ನಿಷ್ ಬಳಿದೆ. ಮಲೆನಾಡಿನ ತೇವಕ್ಕೆ ತೆರೆದಿಟ್ಟ ತಾಮ್ರ ಒಂದೇ ಮಳೆಗಾಲದಲ್ಲಿ ಹಸಿರಾಗುತ್ತದೆ. ಪೆಟ್ಟಿಗೆಗೆ ಮನೆ ವೈರಿಂಗಿನ ಪಿವಿಸಿ ಕೇಸಿಂಗ್ ಪಟ್ಟಿ ಕತ್ತರಿಸಿಕೊಂಡೆ, ಮೇಲಿನ ಮುಚ್ಚಳದ ಬದಲು ಕೆಟ್ಟುಹೋದ ಎಲ್‌ಇಡಿ ಟ್ಯೂಬಿನ ಹಾಲುಬಣ್ಣದ ಕವರಿನ ತುಂಡು. ಅದರಿಂದ ಬೆಳಕಿನ ಚುಕ್ಕೆಗಳು ಕರಗಿ ಒಂದೇ ಹರವಾದವು.

ಕಾರಿನ ಕೆಲಸಕ್ಕೆ ಕೈ ಹಾಕುವ ಮೊದಲು ನಮ್ಮ ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಮೇಸ್ತ್ರಿಯ ಹತ್ತಿರ ಹೋಗಿ ಬೋರ್ಡು ತೋರಿಸಿದೆ. ಅವರು ಈ ಕಾರನ್ನು ನನಗಿಂತ ಚೆನ್ನಾಗಿ ಬಲ್ಲವರು. ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, 'ಇದೆಲ್ಲ ಸರಿ ಇದೆ ಮಾರಾಯ್ರೆ. ಕರೆಂಟು ಎಲ್ಲಿಂದ ತರ್ತೀರಿ ಅನ್ನೋದಲ್ಲ, ಎಲ್ಲಿ ಇಳಿಸ್ತೀರಿ ಅನ್ನೋದು ನೋಡ್ಕಳಿ. ನನ್ನತ್ರ ಬರೋ ಗಾಡಿಗಳಲ್ಲಿ ಅರ್ಧಕ್ಕರ್ಧ ಅರ್ತಿನದ್ದೇ ತಕರಾರು' ಅಂದರು. ಕಾರಿನಲ್ಲಿ ಮೈನಸ್ಸಿಗೆ ಬೇರೆ ತಂತಿ ಇರುವುದಿಲ್ಲ, ಕಾರಿನ ಮೈಯೇ ಮೈನಸ್. ಆ ಮೈಗೆ ತಂತಿ ಕೂಡುವ ಜಾಗದಲ್ಲಿ ತುಕ್ಕೋ ಬಣ್ಣವೋ ಅಡ್ಡ ಬಂದರೆ ಹೊಸ ಬಲ್ಬು ಹಾಕಿದರೂ ಮಂಕೇ.

ಕೆಲಸ ಶುರುಮಾಡಿದ್ದು ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿ. ಹತ್ತರ ಸ್ಪ್ಯಾನರ್ ಸಾಕು. ಮೈನಸ್ಸೇ ಮೊದಲು ಏಕೆಂದರೆ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಮೈಗೆ ತಾಗಿದರೆ ಬ್ಯಾಟರಿಯೇ ಶಾರ್ಟ್. ಮೈನಸ್ ಬಿಚ್ಚಿದ ಮೇಲೆ ಆ ಭಯವಿಲ್ಲ.

ನಮ್ಮ ಕಾರಿನಲ್ಲಿ ಛಾವಣಿಯ ದೀಪಕ್ಕೆ ಪ್ಲಸ್ ಯಾವಾಗಲೂ ಇರುತ್ತದೆ, ಬಾಗಿಲಿನ ಸ್ವಿಚ್ಚು ಅರ್ತನ್ನು ಕೂಡಿಸುತ್ತದೆ. ಬಾಗಿಲು ಮುಚ್ಚಿದಾಗ ಪಿನ್ ಒಳಗೆ ಹೋಗಿ ಅರ್ತ್ ಬಿಡುತ್ತದೆ, ತೆಗೆದಾಗ ಹೊರಗೆ ಬಂದು ಹಿಡಿಯುತ್ತದೆ. ಬಹಳಷ್ಟು ಹಳೆಯ ಕಾರುಗಳಲ್ಲಿ ಇದೇ ಕ್ರಮ. ಇದನ್ನು ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗಬಾರದು. ಮೊದಲೇ ಮೀಟರಿನಲ್ಲಿ ನೋಡಿಟ್ಟುಕೊಂಡಿದ್ದೆ: ಪಿನ್ ಒತ್ತಿದಾಗ ಸ್ವಿಚ್ಚಿನ ತಂತಿಯಲ್ಲಿ ಬಲ್ಬಿನ ಮೂಲಕ ಬಂದ 12 ವೋಲ್ಟ್, ಬಿಟ್ಟಾಗ ಸೊನ್ನೆ. ಸ್ವಿಚ್ಚನ್ನು ಬಾಗಿಲ ಚೌಕಟ್ಟಿನ ಕಂಬಕ್ಕೆ ಹಿಡಿದಿರುವುದು ಒಂದೇ ಸ್ಕ್ರೂ. ಬಿಚ್ಚಿ ಹೊರಗೆ ಎಳೆದ ಕೂಡಲೇ ತಂತಿಗೊಂದು ದಾರ ಕಟ್ಟಿಬಿಡಬೇಕು. ಕೈ ತಪ್ಪಿ ಅದು ಕಂಬದೊಳಗೆ ಜಾರಿದರೆ ಹುಡುಕಿ ತೆಗೆಯಲು ಅರ್ಧ ಕಾರು ಬಿಚ್ಚಬೇಕಾದೀತು. ಇದನ್ನೂ ಮೇಸ್ತ್ರಿಯೇ ಹೇಳಿಕೊಟ್ಟಿದ್ದು.

ಹಾಗಾಗಿ ಬಾಗಿಲ ಬುಡದ ನಾಲ್ಕೂ ಬೋರ್ಡುಗಳ ಮೈನಸ್ ಈ ಸ್ವಿಚ್ಚಿನ ತಂತಿಗೆ. ಪ್ಲಸ್ಸನ್ನು ಛಾವಣಿಯ ದೀಪದ ಫ್ಯೂಸಿನ ಲೈನಿನಿಂದಲೇ ತೆಗೆದೆ, ಬೇಕೆಂದೇ. ಬೇರೆ ಫ್ಯೂಸಿನಿಂದ ತೆಗೆದಿದ್ದರೆ, ಎಂದಾದರೂ ದೀಪದ ಫ್ಯೂಸ್ ಹೋದಾಗ ಬಾಗಿಲು ಮುಚ್ಚಿದ್ದರೂ ಎಲ್‌ಇಡಿಗಳ ಕರೆಂಟು ಛಾವಣಿಯ ಬಲ್ಬಿನೊಳಗಿಂದ ಹಿಂದಕ್ಕೆ ಹರಿದು, ಅದೇ ಲೈನಿನ ಮೇಲಿರುವ ಬೇರೆ ಯಾವುದೋ ಸಾಮಾನಿಗೆ ದಾರಿ ಮಾಡಿಕೊಳ್ಳುತ್ತದೆ. ಎಲ್‌ಇಡಿಗೆ ಒಂದೆರಡು ಮಿಲಿಯಾಂಪ್ ಸಿಕ್ಕರೂ ಸಾಕು, ಕತ್ತಲಲ್ಲಿ ಮಿಣಮಿಣ ಎನ್ನುತ್ತದೆ. ಎರಡಕ್ಕೂ ಒಂದೇ ಫ್ಯೂಸಾದರೆ ಹೋದಾಗ ಎರಡೂ ಒಟ್ಟಿಗೆ ಹೋಗುತ್ತವೆ, ಆಗ ಹುಡುಕಾಟವೂ ಸುಲಭ.

ಆದರೆ ಕಾರಿನ ಆ ಫ್ಯೂಸ್ 15 ಆಂಪಿನದು. ಅದು ಕಾಯುವುದು ಕಂಪನಿಯವರ ದಪ್ಪ ತಂತಿಯನ್ನು. ನನ್ನ ಅರ್ಧ ಚದರ ಮಿಲಿಮೀಟರಿನ ತಂತಿ ಎಲ್ಲಾದರೂ ಸವೆದು ಮೈಗೆ ತಾಗಿದರೆ, 15 ಆಂಪಿನ ಫ್ಯೂಸ್ ಹೋಗುವ ಮೊದಲೇ ಅದರ ಹೊದಿಕೆ ಕರಗಲು ಶುರುವಾಗಬಹುದು. ಆದ್ದರಿಂದ ಜೋಡಣೆಯ ಜಾಗದಿಂದ ಒಂದು ಗೇಣಿನೊಳಗೆ ನನ್ನದೇ 2 ಆಂಪಿನ ಬೂದುಬಣ್ಣದ ಫ್ಯೂಸ್ ಹಾಕಿದೆ, ಅದರ ಪಕ್ಕ 1ಎನ್4007, ಆಮೇಲೆ ಅರ್ತಿಗೆ ಟಿವಿಎಸ್. ಅಲ್ಲಿಂದ ಮುಂದಿನ ಎಲ್ಲ ತಂತಿಗೂ ಕಾವಲು ಅಲ್ಲೇ. ಫ್ಯೂಸನ್ನು ದೀಪದ ಹತ್ತಿರ ಹಾಕುವುದನ್ನು ನೋಡಿದ್ದೇನೆ. ಅದರಿಂದ ದೀಪ ಉಳಿದೀತು, ನಡುವಿನ ತಂತಿಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ. ಫ್ಯೂಸ್ ಇರುವುದೇ ತಂತಿಗಾಗಿ.

ಜೋಡಣೆಯ ವಿಷಯದಲ್ಲಿ ಮೇಸ್ತ್ರಿಗೂ ನನಗೂ ಸ್ವಲ್ಪ ವಾದವಾಯಿತು. ಅವರದ್ದು ಕ್ರಿಂಪ್ ಪಕ್ಷ, ಅಂದರೆ ಲೋಹದ ತುಂಡಿನಲ್ಲಿ ತಂತಿಯನ್ನು ಒತ್ತಿ ಕಚ್ಚಿಸುವುದು; ಸೋಲ್ಡರ್ ಮಾಡಿದ ತಂತಿ ಅದುರಾಟಕ್ಕೆ ಬೆಸುಗೆ ಮುಗಿಯುವ ಅಂಚಿನಲ್ಲಿ ಮುರಿಯುತ್ತದೆ ಅನ್ನುತ್ತಾರೆ. ಅದು ನಿಜವೇ. ಸೀಸ ಎಳೆಗಳ ನಡುವೆ ಹೀರಿಕೊಂಡು ಅಷ್ಟು ಉದ್ದ ಕಡ್ಡಿಯಾಗುತ್ತದೆ, ಕಡ್ಡಿ ಮುಗಿದಲ್ಲಿ ಬಾಗುತ್ತದೆ. ನಾನು ಸೋಲ್ಡರನ್ನೇ ಮಾಡಿದೆ. ಆದರೆ ಪ್ರತಿ ಜೋಡಣೆಯ ಮೇಲೂ ಅದಕ್ಕಿಂತ ಉದ್ದದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಎಳೆದು, ಎರಡೂ ಬದಿ ಅಲುಗದಂತೆ ಕಾರಿನ ಮೂಲ ತಂತಿಗಳ ಕಟ್ಟಿಗೆ ಬಟ್ಟೆ ಟೇಪಿನಿಂದ ಕಟ್ಟಿದೆ. ತಂತಿ ಕತ್ತರಿಸದೆ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ಪುಗಳು ಮಾತ್ರ ನಮ್ಮಿಬ್ಬರಿಗೂ ಒಪ್ಪಿಗೆಯಿಲ್ಲ. ಅವುಗಳ ಬ್ಲೇಡು ತಾಮ್ರದ ಎಳೆಗಳನ್ನೇ ಕೊಯ್ಯುತ್ತದೆ, ಕೊಯ್ದಲ್ಲಿ ನೀರು ಸೇರುತ್ತದೆ.

ಬಾಗಿಲ ಹೊಸ್ತಿಲ ಪ್ಲಾಸ್ಟಿಕ್ ಪಟ್ಟಿಯ ಸ್ಕ್ರೂ ತೆಗೆದು ಕಾರ್ಪೆಟ್ ಎತ್ತಿದರೆ ಹಿಂದಿನವರೆಗೂ ತಂತಿ ಎಳೆಯಲು ಹಾಸಿಟ್ಟ ದಾರಿ ಇದೆ. ಕಪ್ಪು ಪೈಪಿನೊಳಗೆ ತಂತಿ ತೂರಿಸಿ ಅಲ್ಲಿ ಮಲಗಿಸಿದೆ. ಸೀಟಿನ ಹಳಿ ಹಿಂದೆ ಮುಂದೆ ಸರಿಯುವ ಜಾಗ, ಹ್ಯಾಂಡ್‌ಬ್ರೇಕಿನ ಕೇಬಲ್, ಸ್ಟೀರಿಂಗ್ ಕಂಬ, ಪೆಡಲುಗಳು ಇವಿಷ್ಟರಿಂದ ದೂರ. ಲೋಹದ ತೂತಿನ ಮೂಲಕ ಹೋಗಬೇಕಾದಲ್ಲೆಲ್ಲ ಗ್ರೊಮೆಟ್. ಹೊಸ ಕಾರಿಗೆ ಇದನ್ನು ಮಾಡುವವರು ಕಂಬಗಳ ಒಳಹೊದಿಕೆಯ ಹಿಂದೆ ತಂತಿ ತೂರಿಸಲು ಹೋಗಬೇಡಿ, ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇರಬಹುದು. ನಮ್ಮ ಹಳೆಯ ಕಾರಿನಲ್ಲಿ ಆ ಚಿಂತೆಯಿರಲಿಲ್ಲ.

ಡಿಕ್ಕಿಯ ದೀಪವನ್ನು ಮೇಲೇಳುವ ಬಾಗಿಲಿಗೆ ಕೂರಿಸಲಿಲ್ಲ, ಪಕ್ಕದ ಗೋಡೆಗೆ ಕೂರಿಸಿದೆ. ಬಾಗಿಲಿಗಾದರೆ ಪ್ರತಿ ಸಲ ಎತ್ತಿ ಇಳಿಸುವಾಗ ತಂತಿ ಬಗ್ಗುತ್ತದೆ. ಅದಕ್ಕೆ ಬೇರೆಯದೇ ಪಿನ್ ಸ್ವಿಚ್ಚು. ಸ್ವಿಚ್ಚಿಗೆ ಚೌಕಟ್ಟಿನಲ್ಲಿ ತೂತು ಕೊರೆದ ಮೇಲೆ ಅಂಚನ್ನು ಅರದಿಂದ ನಯಮಾಡಿ, ರೆಡ್ ಆಕ್ಸೈಡ್ ಬಳಿದು, ಒಣಗಲು ಬಿಟ್ಟೆ. ಬರಿ ಕಬ್ಬಿಣ ಕಂಡಲ್ಲಿ ತುಕ್ಕು ಕಾದಿರುತ್ತದೆ. ಅರ್ತಿಗೆ ಎಟುಕುವಲ್ಲೇ ಹಿಂದಿನ ಸೀಟ್ ಬೆಲ್ಟಿನ ಬೋಲ್ಟು ಇತ್ತು, ದಪ್ಪನೆಯದು, ಆಸೆ ಹುಟ್ಟಿಸುವಂಥದ್ದು. ಆ ಬೋಲ್ಟನ್ನು ಮುಟ್ಟಕೂಡದು. ಅಪಘಾತದಲ್ಲಿ ಒಬ್ಬ ಮನುಷ್ಯನ ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ. ಅದರ ಬಿಗಿಯ ನಡುವೆ ತಂತಿಯ ತುದಿಗೆ ಹಾಕುವ ಒಂದು ತೆಳು ಲೋಹದ ಬಳೆ, ಥಿಂಬಲ್, ತೂರಿಸುವುದು ಸಲ್ಲದು. ಬೇರೆ ಜಾಗದಲ್ಲಿ ಸಣ್ಣ ಸ್ಕ್ರೂಗೆ ತೂತು ಮಾಡಿ, ಸುತ್ತಲಿನ ಬಣ್ಣವನ್ನು ಥಿಂಬಲಿನಗಲಕ್ಕೆ ಉಜ್ಜಿ ಲೋಹ ಬೆಳ್ಳಗೆ ಕಾಣುವಂತೆ ಮಾಡಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಮೆತ್ತಿದೆ. ಹಾಗೆಯೇ ಮುಂದಿನ ಬಾಗಿಲ ಸ್ವಿಚ್ಚುಗಳ ಸ್ಕ್ರೂಗಳನ್ನೂ ಬುಡವನ್ನೂ ಮರಳು ಕಾಗದದಿಂದ ಉಜ್ಜಿದೆ. ನಾಲ್ಕೂ ಬೋರ್ಡಿನ ಅರ್ತ್ ಆ ಸ್ಕ್ರೂ ಮೂಲಕವೇ ಇಳಿಯುವುದು.

ಬ್ಯಾಟರಿ ಮತ್ತೆ ಜೋಡಿಸಿ ಬಾಗಿಲು ತೆಗೆದಾಗ ನಾಲ್ಕೂ ಕಡೆ ಒಟ್ಟಿಗೆ ಹತ್ತಿಕೊಂಡವು. ನಾನು ಮೊದಲು ನೋಡಿದ್ದು ಮೀಟರ್. ದೀಪ ಉರಿಯುತ್ತಿರುವಾಗ ಅರ್ತ್ ಸ್ಕ್ರೂವಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ವೋಲ್ಟೇಜ್ ಅಳೆದರೆ ಅರ್ತ್ ಎಷ್ಟು ಶುದ್ಧ ಎಂದು ಗೊತ್ತಾಗುತ್ತದೆ. 0.1 ವೋಲ್ಟ್ ದಾಟಬಾರದು. ಇಲ್ಲಿ ಬಂದಿದ್ದು ಅದಕ್ಕಿಂತ ಎಷ್ಟೋ ಕಡಿಮೆ. ಡಿಕ್ಕಿಯೂ ಸೇರಿ ಎಲ್ಲ ಒಟ್ಟಿಗೆ ಉರಿದಾಗ, ಇಂಜಿನ್ ಬಂದ್ ಇದ್ದರೆ 0.12 ಆಂಪ್. ಛಾವಣಿಯ ಹತ್ತು ವ್ಯಾಟಿನ ಹಳೆಯ ಬಲ್ಬು ಒಂದೇ 0.8 ಆಂಪ್ ತಿನ್ನುತ್ತಿತ್ತು. ರಾತ್ರಿ ಹತ್ತು ಗಂಟೆ ಹೊತ್ತು ಬಾಗಿಲು ಸರಿಯಾಗಿ ಮುಚ್ಚದೆ ಉಳಿದರೆ ಆ ಬಲ್ಬು 35 ಆಂಪ್‌ಅವರಿನ ಬ್ಯಾಟರಿಯಲ್ಲಿ ಎಂಟನ್ನು ಖಾಲಿ ಮಾಡುತ್ತದೆ, ನನ್ನ ದೀಪಗಳೆಲ್ಲ ಸೇರಿ 1.2. ಈ ಲೆಕ್ಕ ನೋಡಿದ ಮೇಲೆ ಛಾವಣಿಯ ಬಲ್ಬಿನ ಜಾಗಕ್ಕೂ ಇಂಥದ್ದೇ ಒಂದು ಬೋರ್ಡು ಮಾಡಿ ಹಾಕಿದೆ.

ಅಕ್ಕನ ಮಗನಿಗೆ ಕಾರಿನ ಹೊರಗೂ ಕೆಳಗೂ ಬಣ್ಣಬಣ್ಣದ ದೀಪ ಬೇಕಿತ್ತು. ಅದಕ್ಕೆ ನಾನು ಒಪ್ಪಲಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಮುಂದಕ್ಕೆ ಕೆಂಪು ಬೆಳಕು ತೋರಿಸುವಂತಿಲ್ಲ. ಹಿಂದಕ್ಕೆ ರಿವರ್ಸ್ ದೀಪ, ನಂಬರ್ ಪ್ಲೇಟಿನ ದೀಪದಂಥ ಕೆಲವನ್ನು ಬಿಟ್ಟರೆ ಕೆಂಪಲ್ಲದ ಬೆಳಕು ಕೂಡದು. ಕಾನೂನು ಇರಲಿ, ಆಗುಂಬೆ ಘಾಟಿಯ ಮಂಜಿನಲ್ಲಿ ಎದುರು ಬರುವ ಡ್ರೈವರು ನಮ್ಮ ಗಾಡಿ ಯಾವ ಕಡೆ ಮುಖ ಮಾಡಿದೆ ಎಂದು ತಿಳಿಯುವುದೇ ಬೆಳಕಿನ ಬಣ್ಣದಿಂದ. ಅಲ್ಲಿ ಆಟವಾಡಬಾರದು. ನನ್ನ ಕೆಲಸವೆಲ್ಲ ಬಾಗಿಲಿನಿಂದ ಒಳಗೆ, ಅದೂ ಬಾಗಿಲು ತೆಗೆದಾಗ ಮಾತ್ರ.

ಅಪ್ಪಯ್ಯ ಮೊದಲ ಸಲ ಹತ್ತುವಾಗ ಬಗ್ಗಿ ನೋಡಿ, 'ಕಾಲ್ ಬುಡ ಚೊಲೋ ಕಾಣ್ತು' ಅಂದರು. ಕೂತು, ಕೊಡೆಯನ್ನು ಮಡಚಿ ಬಾಗಿಲ ಪಕ್ಕ ಇಟ್ಟು, ಬಾಗಿಲು ಎಳೆದುಕೊಂಡರು. ಅಮ್ಮನಿಗೆ ಡಿಕ್ಕಿಯ ದೀಪವೇ ಹೆಚ್ಚು ಹಿಡಿಸಿದೆ. ತರಕಾರಿ ಚೀಲ ಯಾವುದು, ಬೆಲ್ಲದ ಡಬ್ಬ ಯಾವುದು ಎಂದು ಈಗ ಕೈಯಾಡಿಸಿ ಹುಡುಕಬೇಕಿಲ್ಲ. ಮಳೆಗಾಲ ಒಂದು ಕಳೆದ ಮೇಲೆ ಹೊಸ್ತಿಲ ಪಟ್ಟಿ ಎತ್ತಿ, ಅರ್ತ್ ಸ್ಕ್ರೂ ಬಿಚ್ಚಿ ನೋಡಿದೆ. ಜೆಲ್ಲಿಯ ಕೆಳಗೆ ಲೋಹ ಇನ್ನೂ ಬೆಳ್ಳಗಿತ್ತು, ವೋಲ್ಟೇಜ್ ಹಿಂದಿನಷ್ಟೇ.

ಈಗ ಮೇಸ್ತ್ರಿಯೇ ಕೆಲಸ ತಂದಿದ್ದಾರೆ. ಅವರ ಗಿರಾಕಿಯೊಬ್ಬರ ಅಡಿಕೆ ಲೋಡಿನ ಲಾರಿಗೆ ಕ್ಯಾಬಿನ್ ಒಳಗೆ, ಹಿಂದೆ ಮೂಟೆ ಇಳಿಸುವಲ್ಲಿ ದೀಪ ಬೇಕಂತೆ. ಲಾರಿ 24 ವೋಲ್ಟಿನದು, ಚಾರ್ಜ್ ಆಗುವಾಗ 28ರ ಮೇಲೆ. ಮೂರರ ಸರ ಅಲ್ಲಿ ಆರರದ್ದಾಗುತ್ತದೆ, 270ರ ಬದಲು 560 ಓಮ್. ಟಿವಿಎಸ್ ಕೂಡ ಮೂವತ್ತರ ಮೇಲಿನದು ಬೇಕು. ಡಾಟ್ ಬೋರ್ಡು ಕತ್ತರಿಸಿಟ್ಟಿದ್ದೇನೆ, ಎಲ್‌ಇಡಿ ಇನ್ನಷ್ಟು ತರಬೇಕು.